ಫೋನಿಲ್ಲದವರ ನಡಿಗೆ

ಗಣೇಶಗುಡಿ,
9 ಅಕ್ಟೋಬರ್ 2025

ನನ್ನ ತರನ್ನುಮ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಕ್ಕಿರುತ್ತೀ. ದಿಲ್ಲಿಯಲ್ಲಿರುವ ನಿನ್ನ ಮುಖ ಫೋನಿನಲ್ಲೇ ಕಾಣುವ ಕಾಲದಲ್ಲಿ ಈ ನಿರ್ಮಲಾಗೆ ಟಪಾಲಿನ ಹುಚ್ಚು ಯಾಕೆ ಹಿಡಿಯಿತು ಎಂದು. ಹಿಡಿದಿದೆ ಎಂದುಕೋ. ಫೋನಿನಲ್ಲಿ ನಾನು ಹೇಳಬೇಕೆಂದುಕೊಂಡದ್ದು ಒಂದು, ಹೇಳುವುದು ಇನ್ನೊಂದು ಆಗುತ್ತದೆ.

ನಾವು ಚೆನ್ನಾಗಿದ್ದೇವೆ. ಡ್ಯಾಮಿನಿಂದ ನೀರು ಬಿಟ್ಟ ದಿನ ನಮ್ಮವರಿಗೆ ರಾಫ್ಟಿಂಗ್ ಕೆಲಸ, ಬಿಡದ ದಿನ ನನ್ನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ. ಹೋಂಸ್ಟೇಗೆ ಈಗ ಪ್ರವಾಸಿಗಳಿಗಿಂತ ಹೆಚ್ಚಾಗಿ ಕಂಬದವರು ಬರುತ್ತಾರೆ. ಕಂಬದವರು ಅಂದರೆ ನಿನ್ನವರೇ. ಸೂಪಾ ಹಿನ್ನೀರಿನ ದಂಡೆಗುಂಟ, ಜೋಯಿಡಾ ರಸ್ತೆಯವರೆಗೂ ಹೊಸ ಕಂಬಗಳನ್ನು ನಿಲ್ಲಿಸಿದ್ದಾರೆ. ಪ್ರತಿಯೊಂದರ ತುದಿಗೂ ರೊಟ್ಟಿ ಹಂಚಿನಷ್ಟು ಅಗಲದ ಬಿಳಿ ಹಲಗೆ. ಸಿಕ್ಸ್ ಜಿ ಪ್ರಯೋಗವಂತೆ. ಆನೆ ರಸ್ತೆಗಿಳಿದರೆ, ರಾಫ್ಟು ಮಗುಚಿದರೆ ತಾವಾಗಿ ಸುದ್ದಿ ಕೊಡುತ್ತವಂತೆ. ಅದಕ್ಕೆ ನಿಯಮ ಬರೆಯುವವರಲ್ಲಿ ನೀನೂ ಒಬ್ಬಳು ಎಂದು ನಾನು ಜಂಬದಿಂದ ಹೇಳಿದೆ. ಅವತ್ತಿನಿಂದ ನನಗೆ ಮರ್ಯಾದೆ ಹೆಚ್ಚಾಗಿದೆ.

ಕಳೆದ ತಿಂಗಳು ಕುಳಗಿ ಕಡೆಯ ಮಾಲವ್ವ ಎಂಬ ಮುದುಕಿ ದಾರಿ ತಪ್ಪಿ ಕಾಡು ಹೊಕ್ಕಿದ್ದಳು. ಅವಳಿಗೆ ಈಚೆಗೆ ನೆನಪು ಸರಿಯಿಲ್ಲ. ಕಂಬದವರು ತಮ್ಮ ಕೋಣೆಯ ತೆರೆ ನೋಡಿ, ಹಿನ್ನೀರಿನ ಮಗ್ಗುಲಲ್ಲಿ ಒಬ್ಬರು ಕೂತಿದ್ದಾರೆ ಎಂದು ತೋರಿಸಿಕೊಟ್ಟರು. ಹೊತ್ತು ಮುಳುಗುವುದರೊಳಗೆ ಮಾಲವ್ವ ಮನೆಯಲ್ಲಿದ್ದಳು. ಖಂಡೇನವಮಿಯ ದಿನ ಜನ ಜೀಪುಗಳ ಜೊತೆಗೆ ಆ ಕಂಬಗಳಿಗೂ ಕುಂಕುಮ ಹಚ್ಚಿ ಚೆಂಡುಹೂ ಕಟ್ಟಿದರು. ನಾನೂ ಕಟ್ಟಿದೆ.

ಆದರೆ ತರನ್ನುಮ, ಮಾಲವ್ವನ ಹತ್ತಿರ ಫೋನ್ ಇರಲಿಲ್ಲ. ಮತ್ತೆ ಹೇಗೆ ಕಂಡಳು?

ನಮ್ಮಲ್ಲಿ ಇಳಿದುಕೊಂಡಿದ್ದ ಅತಿಥಿಯೊಬ್ಬರು ಇದನ್ನೇ ಕೇಳಿದರು. ಫೋನ್ ಇಲ್ಲದವರನ್ನು ಕಂಬ ನೋಡಿದರೆ ಅವರು ಯಾರು ಎಂದೂ ತಿಳಿಯುತ್ತದೆಯೇ? ನಡೆಯುವವರ ಕಾಲು ಸ್ವಲ್ಪ ಕುಂಟಾಗಿದ್ದರೆ ಅದೂ ಕಾಣುತ್ತದೆಯೇ? ನನಗೆ ಉತ್ತರ ಗೊತ್ತಾಗಲಿಲ್ಲ. ಬಿಡುವಾದಾಗ ಬರೆ.

ನಿನ್ನ
ನಿರ್ಮಲಾ

ಮರೆತಿದ್ದೆ: ಉತ್ತರವನ್ನು ದಾಂಡೇಲಿಗೆ, ನಿಮ್ಮ ಅಬ್ಬಾನ ಗ್ಯಾರೇಜಿಗೆ ಹಾಕು. ಇಲ್ಲಿಗೆ ಬೇಡ. ಈಚೆಗೆ ನಮ್ಮ ಟಪಾಲನ್ನೂ ಊಟಕ್ಕೆ ಬರುವ ಕಂಬದವರೇ ಪೋಸ್ಟಿನಿಂದ ತಂದುಕೊಡುತ್ತಿದ್ದಾರೆ.



ಹೊಸ ದಿಲ್ಲಿ,
21 ಅಕ್ಟೋಬರ್ 2025

ಪ್ರೀತಿಯ ನಿಮ್ಮಿ,

ನಿನ್ನ ಕಾಗದ ಬಂದ ದಿನ ಇಲ್ಲಿ ಹೊಗೆ ಕವಿದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಲಕೋಟೆ ಒಡೆದರೆ ಒಗ್ಗರಣೆಯ ವಾಸನೆ ಬಂತು. ಅಡುಗೆಮನೆಯಲ್ಲೇ ಕೂತು ಬರೆದೆಯಲ್ಲ? ಎರಡು ಸಲ ಓದಿದೆ.

ನನ್ನ ಕೆಲಸ ಏನೆಂದು ಅಮ್ಮಿಗೆ ಇವತ್ತಿಗೂ ತಿಳಿದಿಲ್ಲ. ಮಗಳು ಟಾವರ್ ಕಂಪನಿಯಲ್ಲಿದ್ದಾಳೆ ಎಂದು ಊರಿಗೆಲ್ಲ ಹೇಳುತ್ತಾಳೆ. ನಾನು ಟಾವರ್ ಮುಟ್ಟಿದವಳೇ ಅಲ್ಲ. ಲೋಕದ ದೇಶಗಳೆಲ್ಲ ಕೂತು ಮುಂದಿನ ಜಾಲಕ್ಕೆ ಒಂದೇ ನಿಯಮ ಬರೆಯುತ್ತವೆ. ಅಲ್ಲಿ ನಮ್ಮ ಕಡೆಯಿಂದ ಏನು ಹೇಳಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ನಾನಿದ್ದೇನೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದೇ ಶಬ್ದಕ್ಕೆ ಜಗಳ. ‘ಅಳಿಸತಕ್ಕದ್ದು’ ಎಂದು ಬರೆದರೆ ಕಂಪನಿ ಅಳಿಸಲೇಬೇಕು. ‘ಅಳಿಸಬಹುದು’ ಎಂದು ಬರೆದರೆ ಅದರ ಇಷ್ಟ. ಒಮ್ಮೆ ಬರೆದದ್ದು ಲಕ್ಷಗಟ್ಟಲೆ ಕಂಬಗಳೊಳಗೆ ಹೋಗಿ ಕೂತಿತೆಂದರೆ ಮುಂದೆ ಎಷ್ಟೋ ವರ್ಷ ಯಾರೂ ಅಲುಗಿಸಲಾರರು.

ನಿನ್ನ ಅತಿಥಿಯ ಪ್ರಶ್ನೆಗೆ ಬರುತ್ತೇನೆ. ಹಳೆಯ ಕಂಬ ನಿನ್ನ ಫೋನಿನ ಜೊತೆ ಮಾತ್ರ ಮಾತಾಡುತ್ತಿತ್ತು. ಹೊಸದು ಬಾವಲಿಯ ಹಾಗೆ. ತನ್ನ ಅಲೆಯನ್ನು ಸುತ್ತಲೂ ಕಳಿಸಿ, ಯಾವುದಕ್ಕೆ ತಾಗಿ ಹೇಗೆ ಹಿಂದಿರುಗಿತು ಎಂದು ನೋಡುತ್ತದೆ. ಮರ, ಎಮ್ಮೆ, ರಾಫ್ಟು, ಮನುಷ್ಯ, ಎಲ್ಲವೂ ತೆರೆಯ ಮೇಲೆ ಚುಕ್ಕೆಗಳು. ಫೋನ್ ಇರಬೇಕೆಂದಿಲ್ಲ. ದಟ್ಟ ಮರಗಳ ಒಳಗೆ ಮಬ್ಬಾಗುತ್ತದೆ, ಬಯಲಿನಲ್ಲಿ, ನೀರಿನ ದಂಡೆಯಲ್ಲಿ ನಿಚ್ಚಳ. ಚುಕ್ಕೆಗೆ ಹೆಸರಿರುವುದಿಲ್ಲ. ನಿನ್ನ ಅತಿಥಿಗೆ ಅಷ್ಟು ಧೈರ್ಯ ಹೇಳು.

ಆದರೆ ನಿನಗೆ ಅರ್ಧ ಹೇಳಿ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಪ್ರತಿಯೊಬ್ಬರ ನಡಿಗೆಗೂ ಅದರದೇ ತೂಕ, ತಾಳ ಇರುತ್ತದೆ. ಒಬ್ಬರೇ ದಿನಾ ಒಂದೇ ದಾರಿಯಲ್ಲಿ ಓಡಾಡಿದರೆ ಯಂತ್ರ ಆ ನಡಿಗೆಗೆ ಒಂದು ಸಂಖ್ಯೆ ಕೊಟ್ಟುಕೊಳ್ಳುತ್ತದೆ. ಮತ್ತೆ ಬಂದರೆ, ಇದು ಅದೇ ನಡಿಗೆ ಎನ್ನುತ್ತದೆ. ಕುಂಟು ಕಾಲು ಬಹಳ ಬೇಗ ಗುರುತಾಗುತ್ತದೆ. ಫೋನ್ ಇಲ್ಲದವರು ಯಾರಿಗೂ ಒಪ್ಪಿಗೆ ಕೊಟ್ಟಿರುವುದಿಲ್ಲ, ಅದಕ್ಕೇ ಅವರ ನಡಿಗೆಯನ್ನು ಆ ಕ್ಷಣವೇ ಅಳಿಸತಕ್ಕದ್ದು ಎಂದು ಕರಡಿನಲ್ಲಿ ನಾನೇ ಬರೆದಿದ್ದೇನೆ. ಬರುವ ಸಭೆಯಲ್ಲಿ ಅದರ ಚರ್ಚೆ ಇದೆ. ಅಲ್ಲಿಯವರೆಗೆ ಪ್ರಯೋಗದವರು ಅಳಿಸಬೇಕಾಗಿಲ್ಲ.

ನಿಮ್ಮಿ, ನೀನು ಸುಳ್ಳು ಹೇಳುವಾಗ ವಾಕ್ಯಗಳು ಚಿಕ್ಕವಾಗುತ್ತವೆ. ಶಾಲೆಯಲ್ಲೂ ಹಾಗೇ ಇತ್ತು. ಆ ಅತಿಥಿ ಯಾರು?

ನಿನ್ನ
ತರನ್ನುಮ

ಇದನ್ನು ನಾನು ಬರೆಯಬಾರದು, ಆದರೂ: ಪ್ರಯೋಗದ ಗುತ್ತಿಗೆದಾರರು ಮೊನ್ನೆ ನಮಗೊಂದು ಪ್ರಾತ್ಯಕ್ಷಿಕೆ ತೋರಿಸಿದರು. ಯಂತ್ರ ಎಷ್ಟು ಜಾಣ ಎನ್ನುವುದಕ್ಕೆ ಉದಾಹರಣೆಯಾಗಿ ಒಂದೇ ಚುಕ್ಕೆಯನ್ನು ಮತ್ತೆ ಮತ್ತೆ ಹಿಗ್ಗಿಸಿ ತೋರಿಸಿದರು. ಹೆಂಗಸು, ಒಬ್ಬಳೇ, ಬೆಳಕು ಹರಿಯುವಾಗ ನೀರಿಗೆ ಬರುತ್ತಾಳೆ, ಎಡಗಾಲು ಎಳೆಯುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾಗ ನಿಮ್ಮ ಹಿನ್ನೀರು.



ಗಣೇಶಗುಡಿ,
2 ನವೆಂಬರ್ 2025

ತರನ್ನುಮ,

ಎಡಗಾಲೇ. ಅವಳು ನಮ್ಮ ಸ್ವಪ್ನಾ.

ನೀನು ಗಣಿತ ಹೇಳಿಕೊಟ್ಟ ನನ್ನ ತಂಗಿ. ಗಂಡನ ಜೊತೆ ಪುಣೆಯಲ್ಲಿದ್ದಾಳೆ ಎಂದು ನಿನಗೂ ಹೇಳಿದ್ದೆ, ದಾಂಡೇಲಿಯ ನಮ್ಮ ಓಣಿಗೂ ಹೇಳಿದ್ದೆ. ಅವಳು ಪುಣೆ ಕಂಡಿಲ್ಲ. ಹಳಿಯಾಳದ ಮನೆಯಲ್ಲಿ ಗಂಡ ರೋಹಿತ ಅವಳನ್ನು ಮಾಳಿಗೆಯ ಮೆಟ್ಟಿಲಿನಿಂದ ದೂಡಿದ. ಮುರಿದ ಕಾಲನ್ನು ವೈದ್ಯರಿಗೆ ತೋರಿಸಲು ಬಿಡದೆ ಮನೆಯಲ್ಲೇ ಪಟ್ಟಿ ಕಟ್ಟಿಸಿದ, ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹಿರಿಯರು ಎರಡು ಸಲ ಕೂಡಿಸಿ, ಬುದ್ಧಿ ಹೇಳಿ, ಅವಳನ್ನೇ ತಿರುಗಿ ಕಳಿಸಿದರು. ಮೂರನೆಯ ಸಲ ಅವಳು ಯಾರನ್ನೂ ಕೇಳಲಿಲ್ಲ. ಫೋನನ್ನು ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ನನ್ನ ಹಿಂದಿನ ಬಾಗಿಲಿಗೆ ಬಂದು ನಿಂತಳು. ಅವನು ಮೊದಲು ಹುಡುಕುವುದು ಇಲ್ಲಿಯೇ ಎಂದು ಅವಳನ್ನು ಹಿನ್ನೀರಿನ ಆಚೆ, ಎಮ್ಮೆ ಸಾಕುವ ಗೌಳಿಗರ ನಾಲ್ಕು ಗುಡಿಸಲಿನ ದಡ್ಡಿಗೆ ಕರೆದೊಯ್ದೆವು. ನಮಗೆ ಹಾಲು ಕೊಡುವ ಗೋದುಬಾಯಿ ಏನೂ ಕೇಳದೆ ಒಳಗೆ ಕರೆದುಕೊಂಡಳು. “ಪೋರಿ ಉಂಡಾಳಿಲ್ಲೋ ಅಷ್ಟ ಹೇಳು, ಮುಂದಿಂದ ನಾ ನೋಡ್ಕೊಂತೇನಿ” ಎಂದಳು.

ಒಂದು ವರ್ಷ ಸುಖವಾಗಿ ಕಳೆಯಿತು. ಸ್ವಪ್ನಾ ಹಾಲು ಕಾಯಿಸಿ ಖವಾ ಮಾಡುವುದು ಕಲಿತಳು, ದಡ್ಡಿಯ ಮಕ್ಕಳಿಗೆ ಮಗ್ಗಿ ಕಲಿಸಿದಳು. ಮೊದಮೊದಲು ಗಂಡಸಿನ ದನಿ ಕೇಳಿದರೆ ಒಳಗೆ ಸರಿಯುತ್ತಿದ್ದವಳು ಈಚೆಗೆ ಹಾಡಿಕೊಳ್ಳುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಕಂಬದವರ ಜೊತೆ ರೋಹಿತ ಊಟಕ್ಕೆ ಬಂದ.

ಅವನು ಕೇಬಲ್ ಹಾಕುವ ಕೆಲಸದಲ್ಲಿದ್ದದ್ದು ನನಗೆ ಗೊತ್ತಿತ್ತು. ಈ ಪ್ರಯೋಗಕ್ಕೆ ಜನ ಬೇಕೆಂದಾಗ ತಾನೇ ಮುಂದೆ ಬಂದು ಸೇರಿದನಂತೆ. ಈಗ ತೆರೆ ಇಟ್ಟ ಕೋಣೆಯಲ್ಲೇ ಅವನಿಗೆ ಕೆಲಸ. ಕೈತೊಳೆದು, ಎಲ್ಲರಿಗಿಂತ ಸಭ್ಯನಾಗಿ ಕೂತು, ನನ್ನನ್ನು ನೋಡಿ ನಕ್ಕ. ನಾನು ಬಡಿಸಿದೆ. ಏನು ಮಾಡಲಿ?

“ಅಕ್ಕಾರ, ನಿಮ್ಮ ಕೈ ರೊಟ್ಟಿ ತಿಂದು ಎಷ್ಟ ದಿನಾ ಆಗಿತ್ತು” ಎಂದ. “ಸ್ವಪ್ನಾ ಚಲೋ ಅದಾಳೇನ್ರಿ?”

“ನನಗ ಹೆಂಗ ಗೊತ್ತಿರ್ತದ?” ಎಂದೆ.

“ಗೊತ್ತಾಗ್ತದ ಬಿಡ್ರಿ” ಎಂದು ಪಲ್ಯ ಕೇಳಿ ಹಾಕಿಸಿಕೊಂಡ. “ಇನ್ನ ಮ್ಯಾಲೆ ಕಾಡಿನ್ಯಾಗೂ ಯಾರೂ ಕಳಿಯಂಗಿಲ್ಲ.”

ಅವತ್ತಿನಿಂದ ದಿನಾ ಬರುತ್ತಾನೆ. ಮತ್ತೆ ಅವಳ ಹೆಸರು ಎತ್ತಿಲ್ಲ. ಊಟ ಮುಗಿಸಿ ನನ್ನ ಹಾಲಿನ ಕ್ಯಾನಿನ ಮೇಲೆ ಬರೆದ ಗೋದುಬಾಯಿಯ ಹೆಸರನ್ನು ಒಮ್ಮೆ ಓದಿದ. ನಾನು ದಡ್ಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ನಾನು ಹೋದರೆ ನನ್ನ ಚುಕ್ಕೆಯ ಹಿಂದೆ ಅವನ ಕಣ್ಣು ಬರುತ್ತದೆ. ನೀರಿಗೆ ಹೋಗಬೇಡ ಎಂದು ಗೋದುಬಾಯಿಯ ಮೂಲಕ ಸ್ವಪ್ನಾಗೆ ಹೇಳಿ ಕಳಿಸಿದೆ. ಬೇರೆ ನೀರು ಎಲ್ಲಿದೆ ಎಂದು ಅವಳು ತಿರುಗಿ ಕೇಳಿ ಕಳಿಸಿದಳು.

ಆ ಚುಕ್ಕೆಯನ್ನು ಅಳಿಸಲು ನಿನಗೆ ಆಗುತ್ತದೆಯೇ? ಒಂದೇ ಚುಕ್ಕೆ, ತರನ್ನುಮ. ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತದೆ ಎಂದಾದರೆ ಬೇಡ. ಬೇಡ ಎಂದು ಬರೆದೆ, ಆದರೆ ಬೇಡವೆಂದು ನನಗೆ ಅನ್ನಿಸುತ್ತಿಲ್ಲ.

ನಿನ್ನ
ನಿರ್ಮಲಾ

ಕಾಗದ ಮುಗಿಸಿದ ಮೇಲೆ ಗೋದುಬಾಯಿ ಬಂದಳು. ದಡ್ಡಿಯ ಎದುರಿನ ದಿಬ್ಬದ ಮೇಲೆ ನಿನ್ನೆ ಹೊಸದೊಂದು ಕಂಬ ನಿಲ್ಲಿಸಿದರಂತೆ. ನಕಾಶೆಯಲ್ಲಿ ಅದು ಇರಲಿಲ್ಲವೆಂದು ಕೆಲಸದವರೇ ಮಾತಾಡಿಕೊಂಡರಂತೆ.



ಹೊಸ ದಿಲ್ಲಿ,
15 ನವೆಂಬರ್ 2025

ನಿಮ್ಮಿ,

ಇದು ಅಬ್ಬಾನ ಕೈಗೆ ಸೇರಿದ ತಕ್ಷಣ ಅವರು ಜೀಪು ತೆಗೆದುಕೊಂಡು ನಿನ್ನ ಹತ್ತಿರ ಬರುತ್ತಾರೆ. ಫೋನಿನಲ್ಲಿ ಅವರಿಗೆ ಅಷ್ಟೇ ಹೇಳಿದ್ದೇನೆ, ಉಳಿದದ್ದನ್ನು ಹೇಳಲು ಧೈರ್ಯವಾಗಲಿಲ್ಲ, ಯಾರ ಕಿವಿ ಇರುತ್ತದೋ. ಸ್ವಪ್ನಾಳನ್ನು ಅವತ್ತೇ ಅಲ್ಲಿಂದ ಕರೆದೊಯ್ಯಿರಿ. ನಡೆಸಬೇಡಿ, ಜೀಪು ದಡ್ಡಿಯ ಬಾಗಿಲಿಗೇ ಹೋಗಲಿ. ಜೀಪು ಕಂಬಕ್ಕೆ ಬರೀ ಜೀಪಾಗಿ ಕಾಣುತ್ತದೆ. ಒಳಗಿನವರ ನಡಿಗೆ ಕಾಣುವುದಿಲ್ಲ. ಎಲ್ಲಿಗೆ ಹೋದಿರಿ ಎಂದು ನನಗೂ ಬರೆಯಬೇಡ.

ಈಗ ನಡೆದದ್ದು ಹೇಳುತ್ತೇನೆ. ಚುಕ್ಕೆ ಅಳಿಸುವುದು ನನ್ನ ಕೈಯಲ್ಲಿಲ್ಲ. ಯಂತ್ರ ಗುತ್ತಿಗೆದಾರರದು, ಬೀಗ ಅವರದು. ನನ್ನ ಕೈಯಲ್ಲಿದ್ದದ್ದು ಆ ಒಂದು ಶಬ್ದ. ಸಭೆಯಲ್ಲಿ ಅದನ್ನೇ ಹಿಡಿದು ನಿಂತೆ. ಫೋನ್ ಇಲ್ಲದವರ ನಡಿಗೆಯನ್ನು ಉಳಿಸಿಕೊಳ್ಳಬಾರದು, ಅಳಿಸತಕ್ಕದ್ದು ಎಂದೆ. ಕಳೆದುಹೋದವರನ್ನು ಹುಡುಕುವುದು ಹೇಗೆ ಎಂದು ಒಬ್ಬರು ಕೇಳಿದರು. ಬೇಟೆಗಾರರನ್ನು ಹಿಡಿಯುವುದು ಹೇಗೆ ಎಂದು ಇನ್ನೊಬ್ಬರು. ಗುತ್ತಿಗೆದಾರರ ಮನುಷ್ಯ ನಿಮ್ಮ ಮಾಲವ್ವನ ಫೋಟೊವನ್ನೇ ತೆರೆಗೆ ಹಾಕಿದ. ಮುದುಕಿ ಮಗನ ಭುಜ ಹಿಡಿದು ನಗುತ್ತಿದ್ದಳು. ಅದಕ್ಕೆ ಎದುರಾಗಿ ನಾನು ಏನು ತೋರಿಸಲಿ? ನನ್ನ ಹತ್ತಿರವೂ ಒಂದು ಮುಖ ಇತ್ತು. ಅದನ್ನು ತೋರಿಸಿದರೆ ಅವಳು ಸಿಕ್ಕಿಬೀಳುತ್ತಾಳೆ, ತೋರಿಸದಿದ್ದರೆ ನನ್ನ ಮಾತು ಬರೀ ಶಂಕೆ.

ಕೊನೆಗೆ ಹೆಸರಿಲ್ಲದೆ ಹೇಳಿದೆ. ಹೊಡೆಯುವ ಗಂಡನನ್ನು ಬಿಟ್ಟು, ಫೋನ್ ಎಸೆದು, ಅಡಗಿರುವ ಹೆಂಗಸೊಬ್ಬಳಿದ್ದರೆ, ಆ ಗಂಡ ಇದೇ ತೆರೆಯ ಮುಂದೆ ಕೂತಿದ್ದರೆ ಏನು ಗತಿ ಎಂದು ಕೇಳಿದೆ. ಇದು ನಡೆದದ್ದೋ ಊಹೆಯೋ ಎಂದು ಅಧ್ಯಕ್ಷರು ಕೇಳಿದರು, ನಡೆದದ್ದಾದರೆ ವಿವರ ಕೊಡಿ, ದಾಖಲಿಸೋಣ ಎಂದರು. ಒಳ್ಳೆಯ ಮನುಷ್ಯ, ನಿಜವಾಗಿ ತಿಳಿಯಲೆಂದೇ ಕೇಳಿದರು. ಊಹೆ ಎಂದು ಹೇಳಿ ನಾನು ಕೂತೆ.

ತೀರ್ಮಾನ ಜನವರಿಗೆ ಮುಂದೆ ಹೋಯಿತು. ಅಲ್ಲಿಯವರೆಗೆ ಕರಡಿನಲ್ಲಿ ನನ್ನ ಶಬ್ದ ತೆಗೆದು ‘ಅಳಿಸಬಹುದು’ ಎಂದು ಹಾಕಿದ್ದಾರೆ. ಚಹಾದ ಹೊತ್ತಿನಲ್ಲಿ ನಾಲ್ಕೈದು ಜನ ಬಂದು ನೀವು ಹೇಳಿದ್ದು ಸರಿ ಎಂದು ಪಿಸುಗುಟ್ಟಿದರು. ಒಳಗೆ ಅವರಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ.

ಆಮೇಲೆ ಗುತ್ತಿಗೆದಾರರ ಮನುಷ್ಯ ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದು, ಬಹಳ ನಯವಾಗಿ ಕೇಳಿದ: ಮೇಡಂ, ನೀವು ಮೂಲತಃ ದಾಂಡೇಲಿಯವರಲ್ಲವೇ? ನಾನು ಹೌದೆಂದೆ. ಹಾಗಾದರೆ ನಮ್ಮ ಪ್ರಯೋಗದ ಜಾಗ ನಿಮಗೆ ಚೆನ್ನಾಗಿ ಗೊತ್ತಿರಬೇಕು ಎಂದು ನಕ್ಕ. ಸಂಜೆಯೊಳಗೆ ಅವನು ನಿಮ್ಮ ಕಡೆಗೆ ಫೋನ್ ಮಾಡಿ, ಕುಂಟುವ ಹೆಂಗಸಿನ ವಿಷಯ ಏನು ಎಂದು ವಿಚಾರಿಸಿರುತ್ತಾನೆ. ಆ ಫೋನನ್ನು ಯಾರು ಎತ್ತಿರುತ್ತಾರೋ ನನಗೆ ಗೊತ್ತಿಲ್ಲ. ಕುಂಟು ಎಂಬ ಶಬ್ದವನ್ನು ನಾನು ಆಡಿರಲಿಲ್ಲ, ನಿಮ್ಮಿ. ಆದರೆ ಅವರು ನಮಗೆ ತೋರಿಸಿದ್ದು ಒಬ್ಬಳೇ ಹೆಂಗಸನ್ನು.

ಬೇಗ ಮಾಡಿ.

ತರನ್ನುಮ

ಅಬ್ಬಾಗೆ ವಯಸ್ಸಾಗಿದೆ, ಕಣ್ಣು ಮಂಜು ಎಂದು ಯಾರಿಗೂ ಹೇಳುವುದಿಲ್ಲ. ಘಾಟಿನ ದಾರಿಯಲ್ಲಿ ನಿಮ್ಮವರು ಸ್ಟಿಯರಿಂಗ್ ಹಿಡಿಯಲಿ.



ಗಣೇಶಗುಡಿ,
28 ನವೆಂಬರ್ 2025

ನನ್ನ ತರನ್ನುಮ,

ಸ್ವಪ್ನಾ ಇದ್ದಾಳೆ. ಮೊದಲು ಅಷ್ಟು ಓದಿಕೋ, ಆಮೇಲೆ ಮುಂದಿನದು.

ನಿನ್ನ ಕಾಗದ ಬಂದ ದಿನವೇ ಕಾಸಿಂಸಾಬ ಚಾಚಾ ಗ್ಯಾರೇಜಿನಿಂದ ಜೀಪು ತಂದರು. ನಮ್ಮವರು ಓಡಿಸಿದರು, ಚಾಚಾ ಪಕ್ಕದಲ್ಲಿ, ನಾನು ಹಿಂದೆ. ದಡ್ಡಿ ಮುಟ್ಟಿದಾಗ ಅಲ್ಲಿ ಮೊದಲೇ ಇನ್ನೊಂದು ಜೀಪು ನಿಂತಿತ್ತು.

ರೋಹಿತ ಪೊಲೀಸರನ್ನು ಕರೆತಂದಿದ್ದ, ಒಬ್ಬ ಪೇದೆ, ಒಬ್ಬ ಮಹಿಳಾ ಪೇದೆ. ಅವನು ಕಾನೂನು ಮೀರಿ ಏನೂ ಮಾಡಿರಲಿಲ್ಲ, ತರನ್ನುಮ. ಹೆಂಡತಿ ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟಿದ್ದ. ಕಾಣೆಯಾದವರನ್ನು ಹುಡುಕಿಕೊಡುವುದೇ ಕಂಬಗಳ ಕೆಲಸವಲ್ಲವೇ? ಮಾಲವ್ವನನ್ನು ಹುಡುಕಿದ ಹಾಗೆಯೇ ಹುಡುಕಿದ್ದರು. ಬಂದ ಪೇದೆಯ ಮುಖದಲ್ಲಿ ಪುಣ್ಯದ ಕೆಲಸ ಮಾಡಿದ ಸಂತೋಷವಿತ್ತು.

ಗೋದುಬಾಯಿ ಎಮ್ಮೆ ಕಾಯುವ ಬಡಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಸ್ವಪ್ನಾ ಅವಳ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿ ಹೊರಗೆ ಬಂದಳು. ಕೈಗೆ ಖವಾ ಮೆತ್ತಿಕೊಂಡಿತ್ತು, ತೊಳೆದಿರಲಿಲ್ಲ.

“ನೀ ಸ್ವಪ್ನಾ ಏನವಾ? ನೀ ಕಳದೀ ಅಂತ ಕಂಪ್ಲೇಂಟ್ ಐತಿ” ಎಂದಳು ಮಹಿಳಾ ಪೇದೆ.

“ನಾ ಕಳದಿಲ್ರಿ” ಎಂದಳು ಸ್ವಪ್ನಾ. “ಬಿಟ್ಟು ಬಂದೀನಿ.”

“ಯಾಕ?”

ಸ್ವಪ್ನಾ ಸೀರೆಯ ಅಂಚು ಎತ್ತಿ ಕಾಲು ತೋರಿಸಿದಳು. ಆ ಪೇದೆ ಬಗ್ಗಿ ನೋಡಿದಳು, ಸೊಟ್ಟ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಆಮೇಲೆ ತಲೆಯೆತ್ತಿ ರೋಹಿತನನ್ನು ನೋಡಿದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಸ್ವಪ್ನಾಳ ಹೇಳಿಕೆ ಬರೆದುಕೊಂಡಳು. ಮೆಟ್ಟಿಲು, ಪಟ್ಟಿ, ಹಿರಿಯರು, ಎಲ್ಲವನ್ನೂ ಸ್ವಪ್ನಾ ದನಿ ಏರಿಸದೆ ಹೇಳಿದಳು. ನಾನು ಕೇಳದಿದ್ದ ಸಂಗತಿಗಳೂ ಇದ್ದವು. ಅವನ್ನು ಇಲ್ಲಿ ಬರೆಯಲಾರೆ.

“ಆಕಿ ವಯಸ್ಸಿಗೆ ಬಂದಾಕಿ ಅದಾಳ. ಬರಂಗಿಲ್ಲ ಅಂದ್ರ ನಾವು ಎಳಕೊಂಡು ಹೋಗಾಕ ಬರಂಗಿಲ್ಲ” ಎಂದು ಮಹಿಳಾ ಪೇದೆ ರೋಹಿತನಿಗೆ ಹೇಳಿದಳು. “ನೀ ಸ್ಟೇಶನ್ನಿಗೆ ಬಾ. ನಿನ್ನ ಕೂಡ ಮಾತಾಡೂದೈತಿ.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಬರ್ತೇನ್ರಿ ಮೇಡಂ. ಚಲೋ ಅದಾಳಲ್ಲ, ಅಷ್ಟ ಸಾಕು” ಎಂದ. ಜೀಪು ಹತ್ತುವಾಗ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ: “ಎಲ್ಲಿಗೆ ಕಳಿಸಿದ್ರೂ ಆಕಿ ನಡೀಬೇಕಲ್ರಿ, ಅಕ್ಕಾರ.”

ಅವರು ಹೋದ ಮೇಲೆ ನಾವು ಅವಳನ್ನು ಹತ್ತಿಸಿಕೊಂಡೆವು. ಗೋದುಬಾಯಿ ಖವಾದ ಗಂಟು ಕೊಟ್ಟು, ಅಳುವುದನ್ನು ನಾವು ನೋಡಬಾರದೆಂದು ಎಮ್ಮೆಗಳ ಕಡೆ ನಡೆದುಬಿಟ್ಟಳು. ದಾರಿಯುದ್ದಕ್ಕೂ ಚಾಚಾ ಸ್ವಪ್ನಾ ಜೊತೆ ಮಾತಾಡುತ್ತ ಬಂದರು, ಜೀಪಿನ ಗೇರು, ದಾಂಡೇಲಿಯ ಮೀನಿನ ದರ, ನಿನ್ನ ಬಾಲ್ಯದ ಹಟ. “ನನ್ನ ಮಗಳು ಅಲ್ಲಿ ಕುಂತು ಇಡೀ ದುನಿಯಾದ ಜೊತಿ ಜಗಳಾ ಮಾಡ್ತಾಳ ಬೇಟಾ, ನೀ ಹೆದರಬ್ಯಾಡ” ಎಂದರು. ಅವಳು ಬಹಳ ದಿನಗಳ ಮೇಲೆ ನಕ್ಕಳು. ಊರಿನ ಹೆಸರು ಬರೆಯುವುದಿಲ್ಲ. ಒಳ್ಳೆಯ ಮನೆ, ಹೆಂಗಸರೇ ಇರುವ ಮನೆ, ಹೊಲಿಗೆಯ ಕೆಲಸವೂ ಸಿಗುತ್ತದೆ. ಅಲ್ಲಿ ಹಳೆಯ ಟಾವರ್ ಬಿಟ್ಟರೆ ಬೇರೇನೂ ಇಲ್ಲ ಎಂದು ಚಾಚಾ ಸುತ್ತು ಹಾಕಿ ನೋಡಿ ಬಂದರು.

ಬಿಟ್ಟು ಬರುವಾಗ ನಿನಗೆ ಹೇಳಲೆಂದು ಸ್ವಪ್ನಾ ಒಂದು ಮಾತು ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ. “ತರನ್ನುಮ ಅಕ್ಕಾಗ ಹೇಳು. ಜನವರಿ ಸಭಾದಾಗ ನನ್ನ ಹೆಸರು ಹೇಳ್ಲಿ, ಕಾಲಿಂದೂ ಹೇಳ್ಲಿ. ಮುಚ್ಚಿಡಬೇಕಾಗಿದ್ದು ಅವನಿಂದ. ಅವಗ ಗೊತ್ತಾಗೇತಿ. ಇನ್ನ ಯಾರಿಗೆ ಅಂಜಲಿ? ನನ್ನಂಗ ಇನ್ನೂ ಯಾರ್ಯಾರು ಎಲ್ಲೆಲ್ಲಿ ಅದಾರೋ, ಅವರು ಸಿಗಬಾರದು.” ಬೇಕಾದರೆ ದಿಲ್ಲಿಗೆ ಬಂದು ತಾನೇ ಎದ್ದು ನಿಂತು ಹೇಳುತ್ತಾಳಂತೆ. ಕನ್ನಡದಲ್ಲಿ ಹೇಳಿದರೆ ನಡೆಯುತ್ತದೆಯೇ ಎಂದು ಕೇಳಿದಳು. ನಡೆಯುತ್ತದೆ ಎಂದು ನಿನ್ನ ಪರವಾಗಿ ನಾನೇ ಮಾತು ಕೊಟ್ಟೆ. ಹೇಳಿಕೆಯ ಪ್ರತಿಯನ್ನು ಮಹಿಳಾ ಪೇದೆ ಕೊಡುತ್ತಾಳೆ, ಕಳಿಸುತ್ತೇನೆ.

ನೀನು ಊಹೆ ಎಂದು ಹೇಳಿ ಕೂತದ್ದಕ್ಕೆ ನೊಂದುಕೊಳ್ಳಬೇಡ. ಅವತ್ತು ನೀನು ಬೇರೆ ಏನು ಹೇಳಿದ್ದರೂ ನಾನು ನಿನ್ನನ್ನು ಕ್ಷಮಿಸುತ್ತಿರಲಿಲ್ಲ. ಈಗ ಹೇಳು. ಎಲ್ಲವನ್ನೂ ಹೇಳು.

ನಿನ್ನ
ನಿರ್ಮಲಾ

ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಬೇಕಾಗಿದೆ. ಇವತ್ತು ಊಟಕ್ಕೆ ಬಂದವರಲ್ಲಿ ರೋಹಿತ ಇರಲಿಲ್ಲ. ಪೊಲೀಸರು ಕೂರಿಸಿಕೊಂಡಿರಬೇಕೆಂದು ಒಳಗೊಳಗೇ ಹಿಗ್ಗಿ, ಏನೂ ಅರಿಯದವಳಂತೆ ಕೇಳಿದೆ. ಸ್ಟೇಶನ್ನಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಮರುದಿನವೇ ಕೆಲಸಕ್ಕೆ ಬಂದಿದ್ದನಂತೆ. ಪ್ರಯೋಗದ ಎರಡನೆಯ ಹಂತದ ಕಂಬಗಳಿಗೆ ಗುಂಡಿ ತೋಡಲು ನಿನ್ನೆ ಒಂದು ತಂಡ ಹೊರಟಿತಂತೆ, ತಾನೇ ಕೇಳಿಕೊಂಡು ಅದರ ಜೊತೆ ಹೋದನಂತೆ. ಯಾವ ಕಡೆ ಎಂದೆ. “ಮುಂಡಗೋಡ ಕಡೆ ರೀ” ಎಂದು ಆ ಕೆಲಸದವನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ತರನ್ನುಮ, ಅವಳನ್ನು ನಾವು ಬಿಟ್ಟು ಬಂದದ್ದು ಮುಂಡಗೋಡಿನಲ್ಲಿ.